ಅಕ್ಕನ ಚೀಲದ ಮಡಿಕೆ

ಹೊಸ ಬ್ಯಾಗಿನ ಕೆಲಸ ಶುರುವಾಗುವ ಮೊದಲೇ ಮಾಲೀಕರು ಹೊಲಿಗೆ ಕೆಲಸದ ನಮ್ಮ ಆರು ಜನರಿಂದ ಗೋಪ್ಯತೆಯ ಕರಾರಿಗೆ ಸಹಿ ಹಾಕಿಸಿಕೊಂಡಿದ್ದರು. ಅದರ ಗುಟ್ಟು ಎರಡು ವರ್ಷ ಹೊರಗೆ ಹೋಗಬಾರದು. ಹೋದರೆ ಕೆಲಸವೂ ಹೋಗುತ್ತದೆ, ನಷ್ಟವನ್ನೂ ತುಂಬಿಕೊಡಬೇಕು. ನಾನು ಏಳನೇ ತರಗತಿಗೇ ಶಾಲೆ ಬಿಟ್ಟವಳು. ತಡವರಿಸಿ ಓದಿ ಸಹಿ ಹಾಕಿದೆ. ನಮ್ಮಲ್ಲಿ ಬಟ್ಟೆ ಕತ್ತರಿಸುವ ಹೆಂಗಸನ್ನು ನಾವೆಲ್ಲ ಕತ್ತರಿ ಅತ್ತೆ ಎನ್ನುತ್ತೇವೆ. ಅವರು ಹೆಬ್ಬೆಟ್ಟು ಒತ್ತಿದರು.

ಗುಟ್ಟೆಂದರೆ ಬ್ಯಾಗಿನ ಬಾಯಿಯ ಒಂದು ಮಡಿಕೆ. ಜಿಪ್ಪಿಲ್ಲದೆ ತಾನೇ ಮುಚ್ಚಿಕೊಳ್ಳುತ್ತದೆ. ನನಗೆ ಅದು ಕೈಗೆ ಹತ್ತಲಿಲ್ಲ. ಬೈಸಿಕೊಳ್ಳುವುದು ಬೇಡವೆಂದು ಮನೆಯಲ್ಲಿ ಅಕ್ಕನ ಹಳೆಯ ಚೀಲದ ಮೇಲೆ ಹೊಲಿದು ಕಲಿತೆ. ಯಾರಿಗೂ ಒಂದು ಮಾತೂ ಹೇಳಲಿಲ್ಲ.

ಇವತ್ತು ಮಾಲೀಕರು ಎದುರು ಬೀದಿಯ ಅಂಗಡಿಯಿಂದ ಒಂದು ಬ್ಯಾಗು ತಂದು ಮೇಜಿನ ಮೇಲಿಟ್ಟರು. ಅದೇ ಮಡಿಕೆ. ಯಾರು ಹೇಳಿದ್ದೆಂದು ಕೇಳಿದರು. ಎಲ್ಲರೂ ಕತ್ತರಿ ಅತ್ತೆಯ ಕಡೆ ನೋಡಿದರು. ಕತ್ತರಿ ಅತ್ತೆಯ ಅಳಿಯ ಆ ಅಂಗಡಿಯ ಗಾಡಿ ಓಡಿಸುವುದು ಎಲ್ಲರಿಗೂ ಗೊತ್ತು.

"ಅಳಿಯನಿಗೆ ಹೇಳಿದ್ರಾ?"

"ಅವನ ಜೊತೆ ಮಾತು ಬಿಟ್ಟು ನಾಲ್ಕು ತಿಂಗಳಾಯ್ತು ಸಾರ್. ಅದಕ್ಕೇ ಮಗಳು ದಿನಾ ನನ್ನ ಬೈತಾಳೆ."

ಹಿಂದೆ ಯಾರೋ ನಕ್ಕು, ತಕ್ಷಣ ಕೆಮ್ಮಿದರು. ಮಾಲೀಕರು ನಗಲಿಲ್ಲ. ಕರಾರು ಮುರಿದಿದ್ದೀರಿ, ನೀವಾಗಿಯೇ ಕೆಲಸ ಬಿಟ್ಟರೆ ವಕೀಲರವರೆಗೆ ಹೋಗುವುದಿಲ್ಲ ಎಂದು ರಾಜೀನಾಮೆಯ ಕಾಗದವನ್ನೂ ಮಸಿಯ ಡಬ್ಬಿಯನ್ನೂ ಅತ್ತೆಯ ಮುಂದಿಟ್ಟರು.

ನಾನು ಹೇಳಿಲ್ಲವಲ್ಲ ಎಂದು ಮನಸ್ಸಿನಲ್ಲೇ ಅಂದುಕೊಂಡೆ. ಆದರೆ ಕರಾರಿನಲ್ಲಿ 'ಹೇಳುವುದು' ಎಂಬುದರ ಪಕ್ಕದಲ್ಲೇ 'ತೋರಿಸುವುದು' ಎಂದೂ ಇತ್ತು. ಅತ್ತೆ ಹೆಬ್ಬೆಟ್ಟಿಗೆ ಮಸಿ ಹಚ್ಚಿಕೊಂಡರು.

"ಸಾರ್, ಆ ಮಡಿಕೆ ನಮ್ಮಕ್ಕನ ಚೀಲದಲ್ಲಿದೆ. ನಾನೇ ಹಾಕಿದ್ದು."

ನನ್ನ ದನಿ ನನಗೇ ಸರಿಯಾಗಿ ಕೇಳಿಸಲಿಲ್ಲ. ಮಾಲೀಕರಿಗೆ ಕೇಳಿಸಿತ್ತು.

"ಅವಳು ಆ ಅಂಗಡಿಗೆ ಹೋಗಿದ್ಲಾ?"

"ಹೋದ ವಾರ ಹೋಗಿದ್ಲು ಸಾರ್. ಅದನ್ನೇ ಹೆಗಲಿಗೆ ಹಾಕ್ಕೊಂಡು."

ಅವರು ಅತ್ತೆಯ ಮುಂದಿದ್ದ ಕಾಗದವನ್ನು ಎಳೆದುಕೊಂಡರು. ನನ್ನ ಮುಂದೆ ತಳ್ಳಲಿಲ್ಲ, ಹರಿದುಹಾಕಿದರು. ನನಗೆ ಬರೀ ರಾಜೀನಾಮೆ ಸಾಲದಂತೆ, ವಕೀಲರೇ ಬರಬೇಕಂತೆ. ನನ್ನ ಹೊಲಿಗೆ ಯಂತ್ರದ ಡ್ರಾಯರಿನ ಕೀಲಿ ಕೇಳಿ ತೆಗೆದುಕೊಂಡರು. ಚೀಲದ ಸಮೇತ ಅಕ್ಕನನ್ನು ಈಗಲೇ ಕರೆತರಬೇಕೆಂದರು.

"ಅಕ್ಕಂಗೆ ಏನಂತ ಹೇಳಲಿ ಸಾರ್?"

ಮಾಲೀಕರು ಕರಾರಿನ ಹಾಳೆ ನೋಡಿದರು, ನನ್ನನ್ನು ನೋಡಿದರು.

"ಏನೂ ಹೇಳ್ಬೇಡ. ಸುಮ್ನೆ ಕರ್ಕೊಂಡು ಬಾ."

ಮೆಟ್ಟಿಲಿಳಿದೆ. ನನ್ನ ಮುಖ ಕಂಡರೆ ಸಾಕು, ಎಲ್ಲ ಹೇಳಿಸದೆ ಅಕ್ಕ ಬಿಡುವವಳಲ್ಲ.