ಮಧುಮತಿಯ ಸಮುದ್ರದ ಪ್ರಾಣಿ

ಮೊಮ್ಮಗಳು ಮಧುಮತಿ ಶಾಲೆಯ ವಿಜ್ಞಾನ ಸ್ಪರ್ಧೆಗೆಂದು ಮಗ್ಗದಲ್ಲಿ ಉಳಿದ ನೂಲಿನಿಂದ ಸಮುದ್ರದ ತಳದ ಒಂದು ಪ್ರಾಣಿಯನ್ನು ಮಾಡುತ್ತಿದ್ದಳು. ಮೇಲೊಂದು ಗಾಳಿಚೀಲ, ಕೆಳಗೆ ನೆಲ ಹಿಡಿದು ನಿಂತ ಎಳೆಗಳು.

"ಇದರಾಗ ಸಣ್ಣ ಸಣ್ಣ ಜೀವ ಭಾಳ ಅದಾವು ಆಯಿ. ತೇಲಾವು ಬ್ಯಾರೆ, ತಿನ್ನಾವು ಬ್ಯಾರೆ, ಮರಿ ಮಾಡಾವು ಬ್ಯಾರೆ. ಎಲ್ಲಾ ಕೂಡಿ ಒಂದ ಪ್ರಾಣಿ."

"ಒಂದೋ, ಭಾಳೋ? ನೆಟ್ಟಗ ಹೇಳಬೇ."

"ಪುಸ್ತಕದಾಗ ಎರಡೂ ಬರದಾರ."

ನನಗೇನೂ ತಿಳಿಯಲಿಲ್ಲ.

ನೇಯುವ ಮನೆಯಲ್ಲಿ ಯಾರೂ ಸುಮ್ಮನೆ ನೋಡುತ್ತ ಕೂರುವುದಿಲ್ಲ. ಅದೇ ರೂಢಿಯಲ್ಲಿ ನಾನು ಗಾಳಿಚೀಲ ಹೊಲಿದೆ, ಸೊಸೆ ತಿನ್ನುವ ಬಾಯಿಗಳನ್ನು ಹೆಣೆದಳು, ಮಗ ಚಿದಾನಂದ ಎಳೆಗಳಿಗೆ ಬಣ್ಣ ಹಾಕಿದ. ಮಧುಮತಿ ಎಲ್ಲವನ್ನೂ ಗಂಟು ಹಾಕಿ ಕೂಡಿಸಿದಳು.

ಸ್ಪರ್ಧೆಯ ದಿನ ಶಾಲೆಗೆ ನಾನೂ ಜೊತೆಗೆ ಹೋದೆ. ಗುರುಗಳು ಕೇಳಿದರು: "ನೀ ಒಬ್ಬಾಕಿನ ಮಾಡಿಯೇನವಾ? ಮಂದಿ ಕೈ ಹತ್ತಿದ್ದು ಸ್ಪರ್ಧೆಗೆ ನಡ್ಯೂದಿಲ್ಲ ನೋಡು."

ಹುಡುಗಿ ನನ್ನ ಮುಖ ನೋಡಿದಳು. ಸುಳ್ಳು ಹೇಳೆನ್ನಲು ಮನಸ್ಸು ಬರಲಿಲ್ಲ. ಖರೆ ಯಾವುದೆಂಬುದೂ ನನಗೆ ಗೊತ್ತಾಗಲಿಲ್ಲ.

"ಕೂಡಿಸಿದ್ದು ನಾನ್ರಿ. ಉಳಿದದ್ದು ಮನಿಯವರದ್ರಿ," ಎಂದಳು.

"ಹಂಗಾರ ನಿಂದಷ್ಟ ಇಲ್ಲಿಡು. ಮನಿಯವರದ್ದು ಆಯಿ ಕೈಯಾಗ ಕೊಡು."

ಮಧುಮತಿ ಮೂಗೊರೆಸಿಕೊಳ್ಳುತ್ತ ಒಂದು ಗಂಟು ಬಿಚ್ಚಿದಳು. ಬಾಯಿಗಳೆಲ್ಲ ಒಟ್ಟಿಗೆ ಜೋತುಬಿದ್ದವು. ಇನ್ನೊಂದು ಬಿಚ್ಚಿದಳು. ಗಾಳಿಚೀಲ ಒಂದು ಕಡೆಗೆ ವಾಲಿತು.

"ಏ, ತಡಿಯವಾ, ತಡಿ!"

ಗುರುಗಳು ಎರಡೂ ಕೈಯೊಡ್ಡಿ ಅದನ್ನು ಹಿಡಿದುಕೊಂಡರು. ಸ್ಪರ್ಧೆಯ ಮೇಜಿನ ಕಡೆ ನೋಡಿದರು, ನನ್ನ ಕಡೆ ನೋಡಿದರು. ಎಲ್ಲಿಡಬೇಕೆಂದು ತಿಳಿಯದೆ ಹಾಗೆಯೇ ಹಿಡಿದುಕೊಂಡು ನಿಂತರು.