ಅತ್ತೆಯ ರೇಷನ್ ವಾರ

ಎಂಬತ್ತೇಳರ ಎನಿಡ್ ಇಂಗ್ಲೆಂಡಿನ ಶೆಫೀಲ್ಡಿನಲ್ಲಿದ್ದ ಮಗನ ಮನೆಗೆ ಬಂದು ಎರಡು ತಿಂಗಳಾಗಿತ್ತು. ಇಲ್ಲೇ ಇರಬೇಕೋ, ಊರಾಚೆಯ ವೃದ್ಧಾಶ್ರಮಕ್ಕೆ ಹೋಗಬೇಕೋ ಎಂಬುದು ಇನ್ನೂ ತೀರ್ಮಾನವಾಗಿರಲಿಲ್ಲ. ಕೇಳಿದಾಗಲೆಲ್ಲ ಮಗ ಕ್ಲೈವ್ "ನೋಡೋಣ ಅಮ್ಮ" ಎನ್ನುತ್ತಿದ್ದ. ನೋಡೋಣ ಅನ್ನುವವರು ಎಂದಾದರೂ ಕಣ್ಣು ಬಿಟ್ಟು ನೋಡಿದ್ದುಂಟೇ?

ಅಷ್ಟರಲ್ಲಿ ಮೊಮ್ಮಗಳು ಟ್ಯಾಮ್ಸಿನ್ ಶಾಲೆಯಿಂದ ಒಂದು ಕೆಲಸ ತಂದಳು. ಮನೆಮಂದಿಯೆಲ್ಲ ಎರಡನೇ ಮಹಾಯುದ್ಧದ ಕಾಲದ ರೇಷನ್ನಿನಲ್ಲಿ ಒಂದು ವಾರ ಉಂಡು, ಅದರ ಬಗ್ಗೆ ಬರೆಯಬೇಕಂತೆ. ಬಾಲ್ಯವನ್ನು ಆ ರೇಷನ್ನಿನಲ್ಲೇ ಕಳೆದಿದ್ದ ಎನಿಡ್‌ಗೆ ಹೋದ ಜೀವ ಬಂದಂತಾಯಿತು. ಮುಟ್ಟಿದರೆ ಕಿಂಯ್‌ಗುಡುವ ಗಾಜಿನ ಒಲೆಗೆ ಹೆದರಿ ಇದುವರೆಗೆ ಅವಳು ಟೀ ಕೂಡ ಮಾಡಿರಲಿಲ್ಲ. ಈಗ ಅಡುಗೆಮನೆಗೆ ಅವಳೇ ಯಜಮಾನಿ. ತಲೆಗೆ ಎರಡು ಔನ್ಸ್‌ನಂತೆ ವಾರದ ಬೆಣ್ಣೆ ತೂಗಿ, ನಾಲ್ಕು ಬಟ್ಟಲಿಗೆ ಹಾಕಿ, ಹೆಸರಿನ ಚೀಟಿ ಅಂಟಿಸಿದಳು. ಕ್ಲೈವ್ ಮಂಗಳವಾರಕ್ಕೇ ತನ್ನ ಬಟ್ಟಲು ನೆಕ್ಕಿ ಮುಗಿಸಿದ.

"ನಿನ್ನಂಥೋರು ನಾಲ್ಕು ಜನ ಇದ್ದಿದ್ರೆ ಜರ್ಮನಿಯೋರು ಬುಧವಾರಕ್ಕೇ ಗೆದ್ದಿರ್ತಿದ್ರು ಕಣೋ," ಎಂದು ಎನಿಡ್ ತನ್ನ ಬೆಣ್ಣೆಯನ್ನೇ ಅವನ ಬ್ರೆಡ್ಡಿಗೆ ಸವರಿದಳು.

ಸೊಸೆ ಪಿಪ್ಪಾ ನಕ್ಕಳು. "ಅತ್ತೆ, ನೀವಿಲ್ದಿದ್ರೆ ನಮಗೆ ಉಪವಾಸಾನೇ ಗತಿ."

ಆ ಮಾತನ್ನು ಎನಿಡ್ ಮನಸ್ಸಿನಲ್ಲೇ ಹತ್ತು ಸಲ ಮೆಲುಕು ಹಾಕಿದಳು. ಇನ್ನು ತನ್ನನ್ನು ಕಳಿಸಲಾರರು.

ಭಾನುವಾರ ಮಧ್ಯಾಹ್ನದ ಊಟಕ್ಕೆ ಪಕ್ಕದ ಮನೆಯ ಗಂಡ ಹೆಂಡತಿಯನ್ನು ಕರೆದಿದ್ದರು. ಅವರು ತಮ್ಮ ಮನೆಗೆ ಬಂದಿದ್ದ ನೆಂಟರಿಬ್ಬರನ್ನೂ ಕರೆತಂದರು. ವಾರದ ಮಾಂಸವನ್ನೆಲ್ಲ ಕೂಡಿಟ್ಟು ಎನಿಡ್ ಮಾಡಿದ್ದ ಪೈ ಆರು ಜನರಿಗೇ ಕಷ್ಟದಲ್ಲಿ ಸಾಲುವಂತಿತ್ತು.

ಇಂಥ ಹೊತ್ತಿಗೆಂದೇ ಆ ಕಾಲದ ಮನೆಗಳಲ್ಲಿ ಒಂದು ಪದ್ಧತಿಯಿತ್ತು. ಮನೆಯಾಕೆ ಮನೆಯವರ ಕಿವಿಯಲ್ಲಿ ಮಾತ್ರ "ಕೈ ಬಿಗಿಹಿಡೀರಿ" ಎಂದು ಉಸುರುತ್ತಿದ್ದಳು. ಅವರು ಹಸಿವಿಲ್ಲವೆಂದು ಸುಳ್ಳು ಹೇಳಿ ಬಂದವರಿಗೆ ಬಿಡಬೇಕು. ಮಗಳು ಶಾಲೆಯಿಂದ ತಂದಿದ್ದ ಪುಸ್ತಿಕೆಯಲ್ಲಿ ಇದನ್ನು ಓದಿದ್ದ ಪಿಪ್ಪಾ ಅದನ್ನೇ ಮಾಡಿದಳು. ಗಂಡನ ಕಿವಿಗೆ ಬಾಗಿದಳು, ಮಗಳ ಕಿವಿಗೆ ಬಾಗಿದಳು. ಎನಿಡ್ ಕಿವಿಯ ಯಂತ್ರ ಸರಿಮಾಡಿಕೊಂಡು ತನ್ನ ಸರದಿಗೆ ಕಾದಳು. ಪಿಪ್ಪಾ ಅವಳನ್ನು ದಾಟಿಹೋಗಿ, ಪೈ ಕತ್ತರಿಸಿ, ಮೊದಲ ದೊಡ್ಡ ತುಂಡನ್ನು ಅವಳ ತಟ್ಟೆಗೇ ಹಾಕಿದಳು.

"ನಂಗೆ ಬೇಡಮ್ಮ, ಹಸಿವಿಲ್ಲ," ಎಂದಳು ಎನಿಡ್.

"ಸಂಕೋಚ ಪಡ್ಬೇಡಿ ಅತ್ತೆ. ಮೊದ್ಲು ಮನೆಗೆ ಬಂದೋರು, ಆಮೇಲೆ ನಾವು ಮನೆಯೋರು."

ಅಕ್ಕರೆಯಿಂದಲೇ ಹೇಳಿದಳು. ಬೈದಿದ್ದರೂ ಎನಿಡ್‌ಗೆ ಇಷ್ಟು ನೋಯುತ್ತಿರಲಿಲ್ಲ. ತಟ್ಟೆಯಲ್ಲಿ ಬಿಡುವ ರೂಢಿ ಅವಳ ತಲೆಮಾರಿಗಿಲ್ಲ, ಪೂರ್ತಿ ತಿಂದಳು.

ಅತಿಥಿಗಳು ಹೋದ ಮೇಲೆ ಮಗನನ್ನು ಕರೆದಳು. "ಆ ಆಶ್ರಮದ ಫಾರಂ ತಾರೋ, ಸಹಿ ಹಾಕ್ತೀನಿ."

"ಅಷ್ಟೇನು ಅವಸರ ಅಮ್ಮ?" ಎನ್ನುತ್ತಲೇ ಕ್ಲೈವ್ ಡ್ರಾಯರ್ ಎಳೆದ. ಅವನು ಮುಂದಿಟ್ಟ ಫಾರಂನಲ್ಲಿ ಸಹಿಯ ಜಾಗವೊಂದನ್ನು ಬಿಟ್ಟು ಮಿಕ್ಕಿದ್ದೆಲ್ಲ ತುಂಬಿತ್ತು.