ಗೋಡೆಯಲ್ಲಿ ಉಳಿದಿದ್ದ ಉಬ್ಬು

ದೇವಿಯ ಗುಡ್ಡದ ಮೇಲಿನ ಮಹಾದ್ವಾರದ ಐದು ಬಾಗಿಲಲ್ಲೂ ಕಾವಲಿತ್ತು. ಬಲಿಯ ಹಸುಗಳನ್ನು ನಡುಬಾಗಿಲಿನಿಂದ ಒಳಗೆ ಬಿಟ್ಟರು. ಗುಲಾಮ ಬಿಥಿಸನ ಎದೆಗೆ ಮಾತ್ರ ಬಿಲ್ಲು ಅಡ್ಡ ಹಿಡಿದರು. ಒಳಗೆ, ಕಣ್ಣಳತೆಯಲ್ಲೇ, ಅಥೇನಾ ದೇವಿಯ ಬಲಿಪೀಠ. ಅದನ್ನು ಮುಟ್ಟಿದ ಗುಲಾಮನನ್ನು ಎಳೆಯುವಂತಿಲ್ಲ, ಬೇರೆ ಧಣಿಗೆ ಮಾರಬೇಕು. ಮುಟ್ಟದಿದ್ದರೆ ನಾಳೆ ಲೌರಿಯೋನಿನ ಬೆಳ್ಳಿಗಣಿ. ಅಲ್ಲಿಗೆ ಇಳಿದವರು ಮೂರನೇ ಚಳಿಗಾಲ ಕಾಣುವುದಿಲ್ಲ.

ಅವನು ಮಾಡಿದ ತಪ್ಪೇನು? ಇದೇ ದ್ವಾರದ ಕಲ್ಲು ಕೆತ್ತುವಾಗ ಚಕ್ಕೆ ಸಿಡಿದು ಒಂದು ಕಣ್ಣು ಹೋಯಿತು. ಅಷ್ಟೆ. ಒಕ್ಕಣ್ಣ ಕಲ್ಲುಕುಟಿಗ ಯಾರಿಗೆ ಬೇಕು?

ಕೆಳಗಿನಿಂದ ಧಣಿ ಲಿಸಾನಿಯಾಸ್ ಏದುಸಿರು ಬಿಡುತ್ತ ಹತ್ತಿ ಬರುವುದು ಕಂಡಿತು. ಬಿಥಿಸ್ ಪಕ್ಕದ ಗೋಡೆಗೆ ಹಾರಿ, ಅಲ್ಲಿ ಚಾಚಿಕೊಂಡಿದ್ದ ಕಲ್ಲಿನ ಉಬ್ಬನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ. ಬಂಡೆ ಎತ್ತುವಾಗ ಹಗ್ಗ ಸಿಕ್ಕಿಸಲು ಅವನೇ ಬಿಟ್ಟಿದ್ದ ಉಬ್ಬು. ಗೋಡೆ ಎದ್ದ ಮೇಲೆ ಕೆತ್ತಿ ತೆಗೆಯಬೇಕಿತ್ತು. ಅಷ್ಟರಲ್ಲಿ ಸ್ಪಾರ್ಟಾದವರ ಜತೆ ಯುದ್ಧ ಹತ್ತಿಕೊಂಡು ಕೆಲಸ ನಿಂತುಹೋಯಿತು.

“ದೇವಿ ಗೋಡೆ ಹಿಡ್ದಿದೀನಿ! ಯಾರೂ ಮುಟ್ಬೇಡಿ!”

ಕಾವಲುಗಾರರು ಹಿಂದೆ ಸರಿದರು. ಶರಣು ಬಂದವನನ್ನು ಎಳೆದವನ ವಂಶಕ್ಕೇ ಶಾಪ.

“ಎಳೀರೋ ಅವನ್ನ,” ಎಂದ ಲಿಸಾನಿಯಾಸ್.

“ನೀವೇ ಎಳೀರಿ ಸ್ವಾಮಿ,” ಎಂದ ಹಿರಿಯ ಕಾವಲುಗಾರ. “ಗುಲಾಮ ನಿಮಗೆ, ಶಾಪ ನಮ್ಮ ಮಕ್ಕಳಿಗಾ? ಚೆನ್ನಾಗಿದೆ!”

ಧಣಿ ಗೋಡೆ ನೋಡಿದ, ಉಬ್ಬು ನೋಡಿದ, ಬಿಥಿಸನ ಸೊಂಟದಲ್ಲಿದ್ದ ಉಳಿ ಸುತ್ತಿಗೆ ನೋಡಿದ. ನಕ್ಕ.

“ಲೋ ಒಕ್ಕಣ್ಣ, ಅರ್ಧಂಬರ್ಧ ಗೋಡೆ ದೇವೀದು ಹೆಂಗಾಗತ್ತೋ? ಆ ಉಬ್ಬು ಇರೋತನಕ ಅದು ಬರೀ ಕಲ್ಲು. ಕೆತ್ತಿ ನುಣ್ಣಗೆ ಮಾಡು, ದೇವೀದು ಅಂತ ನಾನೇ ಒಪ್ಕೋತೀನಿ. ಇವರೆಲ್ಲ ಸಾಕ್ಷಿ.”

“ಕೆತ್ತೋವಾಗ ಹಿಡ್ಕೊಂಡ್ರೆ?”

“ನಿನ್ನ ಮೈ ಗೋಡೆಗೆ ತಾಗಿರೋವರೆಗೂ ಯಾರೂ ಮುಟ್ಟಲ್ಲ. ದೇವಿ ಆಣೆ.”

ಬಿಥಿಸ್ ಎಡಭುಜವನ್ನು ಗೋಡೆಗೆ ಒತ್ತಿ ಉಳಿ ಇಟ್ಟ. ಚಕ್ಕೆಗಳು ಕಾಲಬುಡದಲ್ಲಿ ಬಿದ್ದವು. ಬಲಿಗೆ ಬಂದ ಜನ ಸುತ್ತ ನೆರೆದರು. ಹುರಿದ ಕಡಲೆ ಮೆಲ್ಲುತ್ತಿದ್ದ ಹೆಂಗಸೊಬ್ಬಳು, “ಒಂದು ಕಣ್ಣಲ್ಲೇ ಇಷ್ಟು ಚೆಂದ ಕೆತ್ತುತಾನಲ್ಲ, ಎರಡಿದ್ದಿದ್ರೆ ಹೆಂಗೆ ಕೆತ್ತುತಿದ್ನೋ!” ಎಂದಳು. ಜನ ನಕ್ಕರು. ಬಿಥಿಸನಿಗೂ ನಗು ಬಂತು. ಕೆಲಸ ಅಷ್ಟು ಚೆನ್ನಾಗಿ ಬರುತ್ತಿತ್ತು. ಧಣಿ ಮಾತ್ರ ಕೈಕಟ್ಟಿ ಕಾಯುತ್ತಿದ್ದ.

ಕೊನೆಗೆ ಉಬ್ಬು ಇದ್ದ ಜಾಗ ಯಾವುದೆಂದು ಹೇಳಲಾಗದಷ್ಟು ನುಣುಪಾಯಿತು. ಬಿಥಿಸ್ ಬಾಯಿಂದ ಊದಿ ಧೂಳು ಹಾರಿಸಿದ. ಗೋಡೆ ಮಟ್ಟಸವಾಗಿದೆಯೋ ಎಂದು ಒಂದು ಹೆಜ್ಜೆ ಹಿಂದೆ ಸರಿದು, ತಲೆ ವಾಲಿಸಿ ನೋಡಿದ.

ಕೆಲಸ ಮುಗಿಸಿದ ಯಾವ ಕಲ್ಲುಕುಟಿಗನೂ ಹಾಗೆ ಸರಿದು ನೋಡದೆ ಇರುವುದಿಲ್ಲ. ಹತ್ತು ವರ್ಷ ದುಡಿಸಿಕೊಂಡ ಧಣಿಗೆ ಅದು ಗೊತ್ತಿತ್ತು.

“ಹಿಡೀರಿ.”

ಕೂದಲಿಗೆ ಕಾವಲುಗಾರರ ಕೈ ಬಿತ್ತು. ಬಿಥಿಸ್ ಮುಂದಕ್ಕೆ ಎಗರಿದ. ಬೆರಳು ಗೋಡೆಗೆ ತಾಗಿದವು, ಉಬ್ಬಿಗಾಗಿ ತಡಕಾಡಿದವು, ಅವನೇ ನುಣ್ಣಗೆ ಮಾಡಿದ ಕಲ್ಲಿನ ಮೇಲೆ ಜಾರಿದವು. ಉಗುರು ಕಿತ್ತುಹೋಗಿ ಗೋಡೆಯ ಮೇಲೆ ಕೆಂಪು ಗೆರೆ ಬಿತ್ತು.

“ಚೆನ್ನಾಗಿ ಕೆತ್ತಿದೀಯ ಕಣೋ,” ಎಂದ ಲಿಸಾನಿಯಾಸ್, ಮೆಟ್ಟಿಲು ಇಳಿಯುತ್ತ.

ಹಿರಿಯ ಕಾವಲುಗಾರ ಒದ್ದೆ ಬಟ್ಟೆ ತಂದು ಗೋಡೆ ಒರೆಸಿದ.